ಇಂಟರ್‌ವ್ಯೂ ಕೋಟು

ಮಾರ್ಚ್ 9
ಬೆಳಿಗ್ಗೆ ನಮ್ಮ ಹೊಲಿಗೆ ಅಂಗಡಿಯಲ್ಲಿ ಅಮ್ಮ ಗಿರಾಕಿಯ ಅಂಗಿಯ ಸವೆದ ಕಾಲರ್ ತಿರುಗಿಸಿ ಹಾಕಿದಳು, ನಾನು ಕಾಜ ಹೊಲಿದೆ. ಆಮೇಲೆ ಶಾಲೆ. ಅಲ್ಲಿ ನೋಟಿಸು — ಮುಂದಿನ ವರ್ಷದಿಂದ ಹನ್ನೊಂದನೇ ಕ್ಲಾಸ್ ಇಲ್ಲ. ಈಗ ಹೇಳುತ್ತಾರೆ! ಊರಲ್ಲಿ ಬೇರೆ ಶಾಲೆಯಿಲ್ಲ. ಹಾಸ್ಟೆಲ್ ಶಾಲೆಗಳ ಅರ್ಜಿ ಜನವರಿಯಲ್ಲೇ ಮುಗಿದಿದೆ.
ಚಿಕ್ಕಮ್ಮ, "ಬಿಡೇ, ಅಂಗಡೀಲಿ ಇನ್ನೊಂದು ಮಷಿನ್ ಖಾಲಿ ಇದ್ಯಲ್ಲ" ಅಂದಳು. ಇದೆ. ಧೂಳು ಹಿಡಿಯಲಿ.

ಮಾರ್ಚ್ 14
ಎಲ್ಲ ಕಡೆ ಫೋನು. ಎಲ್ಲ ಕಡೆ ಅದೇ ಉತ್ತರ: "ಸೀಟಿದೆಯಮ್ಮ, ಸ್ಕಾಲರ್‌ಶಿಪ್ ಹಂಚಿ ಆಯ್ತು." ಪೂರ್ತಿ ಫೀಸು ಕಟ್ಟುವವರಿಗೆ ಮಾತ್ರ ತಡವೇ ಆಗಿಲ್ಲವಂತೆ. ಕ್ಯಾಲೆಂಡರೂ ಮುಖ ನೋಡಿ ಮಣೆ ಹಾಕುತ್ತದೆ.
ಬೆಟ್ಟದ ಮೇಲಿನ ಶಾಲೆಯೊಂದು, ಯಾರಾದರೂ ಸ್ಕಾಲರ್‌ಶಿಪ್ ಬಿಟ್ಟರೆ ನೋಡೋಣ, ಇಂಟರ್‌ವ್ಯೂಗೆ ಬನ್ನಿ ಎಂದಿತು.

ಮಾರ್ಚ್ 21
ಅಮ್ಮ ಕೋಟು ಹೊಲಿದಿದ್ದಾಳೆ. ಗಿರಾಕಿಗಳು ಬಿಟ್ಟುಹೋದ ಪ್ಯಾಂಟುಗಳನ್ನು ಬಿಚ್ಚಿ ಹೊಲಿದದ್ದು. ಲೈನಿಂಗಿಗೆ ಹಳೇ ಪರದೆ, ಕೊಡೆ ಬಟ್ಟೆ, ನನ್ನ ಕುಲಾವಿ ಕೂಡ. ಹೊರಗೆ ಒಂದು ಜೋಡಣೆಯೂ ಕಾಣದು. "ನನ್ನ ಮಗಳು ಸೊಟ್ಟ ಹೊಲಿಗೇಲಿ ಹೋದ್ರೆ ನನ್ನ ಮರ್ಯಾದೆ ಏನಾಗ್ಬೇಕು?"
ಕನ್ನಡಿ ಮುಂದೆ ಮಹಾರಾಣಿ ಹಾಗೆ ಕಂಡೆ. ಖುಷಿಯಾಯಿತು, ಸುಳ್ಳೇಕೆ.

ಮಾರ್ಚ್ 30
ಇಂಟರ್‌ವ್ಯೂನಲ್ಲಿ ಎಲ್ಲಕ್ಕೂ ಉತ್ತರ ಕೊಟ್ಟಿದ್ದೆ. ಇವತ್ತು ಫೋನು: ಸೀಟುಂಟು, ಸ್ಕಾಲರ್‌ಶಿಪ್ ಇಲ್ಲ. ಯಾಕೆ ಎಂದೆ. ಆಫೀಸಿನಾಕೆ ದನಿ ತಗ್ಗಿಸಿದಳು. "ಅಂಥ ಕೋಟು ಹಾಕೋರಿಗೆ ಸಹಾಯ ಯಾಕೆ ಅಂದ್ರಮ್ಮ, ಪ್ರಿನ್ಸಿಪಾಲ್ ಮೇಡಂ."
ಅಮ್ಮನ ಕೈಕೆಲಸವೇ ನಮಗೆ ಮುಳುವಾಯಿತು. ಅಮ್ಮ ಊಟ ಮಾಡಲಿಲ್ಲ.

ಏಪ್ರಿಲ್ 6
ಬಿಡಲಿಲ್ಲ. ಫೋನ್ ಮಾಡಿ ಮಾಡಿ ತಲೆ ತಿಂದೆ. ನಾಡಿದ್ದು ಮತ್ತೆ ಬರಹೇಳಿದ್ದಾರೆ.
ಚಿಕ್ಕಮ್ಮ ಒಂದು ಮಾಸಲು ಅಂಗಿ ತಂದಳು. "ಇದನ್ನ ಹಾಕ್ಕೊ. ಮುಖಾನೂ ಸ್ವಲ್ಪ ಬಾಡಿಸ್ಕೊ." ಅಮ್ಮ — ಅಮ್ಮನೇ! — ಕೋಟಿನ ತೋಳು ಬಿಚ್ಚಲು ಬ್ಲೇಡು ಹಿಡಿದಳು. ಕಿತ್ತುಕೊಂಡೆ.
"ಬಡವರು ಬಡವರ ಥರಾನೇ ಕಾಣ್ಬೇಕು ಅಂತ ಯಾವ ಕಾನೂನಮ್ಮ?"
ಅಮ್ಮ ಅತ್ತಳು. ನಾನು ಅಳಲಿಲ್ಲ. ಅಳುವುದಕ್ಕೂ ಆಗದಷ್ಟು ಸಿಟ್ಟು.

ಏಪ್ರಿಲ್ 8, ವಾಪಸ್ ಬಸ್ಸಿನಲ್ಲಿ
ಅದೇ ಕೋಟು. ಮೇಡಂ ಅದನ್ನೇ ನೋಡಿದರು. ಅಲ್ಲೇ ಬಿಚ್ಚಿ, ಒಳಮೈ ಹೊರಗೆ ಮಾಡಿ ಮತ್ತೆ ತೊಟ್ಟೆ. ಪರದೆ, ಕೊಡೆ, ಕುಲಾವಿ, ಎಲ್ಲ ಮೇಲೆ ಬಂತು.
"ಇದು ನಮ್ಮ ಆದಾಯ ಮೇಡಂ. ಆ ಕಡೇದು ನಮ್ಮಮ್ಮನ ಕೆಲಸ. ಎರಡೂ ನೋಡಿ."
"ನಿಂಗೆ ಹೆಮ್ಮೆ ಜಾಸ್ತಿ."
"ಹೌದು ಮೇಡಂ. ಅದೊಂದಕ್ಕೆ ಫೀಸಿಲ್ಲವಲ್ಲ."
ನಗಲಿಲ್ಲ ಅವರು. ಕೋಟಿನ ಒಳಮೈ ಇನ್ನೂ ಹೊರಗೇ ಇದೆ. ಬಸ್ಸಿನವರೆಲ್ಲ ನೋಡುತ್ತಿದ್ದಾರೆ, ನೋಡಲಿ.

ಏಪ್ರಿಲ್ 27
ಫೋನ್ ಕಿವಿಗಿಟ್ಟುಕೊಂಡೇ ಗೀಚುತ್ತಿದ್ದೇನೆ. ಮೇಡಂ ಲೈನಿನಲ್ಲಿ ಕಾಯಿಸಿದ್ದಾರೆ. ಯಾರೋ ಸ್ಕಾಲರ್‌ಶಿಪ್ ಬಿಟ್ಟರಂತೆ, ನನಗೆ ಅರ್ಧ ಕೊಡುತ್ತಾರಂತೆ. "ಅರ್ಧ ಕೋಟು ಯಾರಾದ್ರೂ ಹಾಕ್ಕೋತಾರಾ ಮೇಡಂ?" ಎಂದುಬಿಟ್ಟೆ. ಚಿಕ್ಕಮ್ಮ ಹಣೆ ಚಚ್ಚಿಕೊಂಡಳು. ಆ ಕಡೆ ಗುಸುಗುಸು... ಅಮ್ಮ ಆಗಲೇ ಟೇಪು ತಂದು ನನ್ನ ಬೆನ್ನಿಗೆ ಹಿಡಿದಿದ್ದಾಳೆ, ಯೂನಿಫಾರ್ಮಿಗಂತೆ. "ಬಗ್ಗಬೇಡ್ವೇ, ನೆಟ್ಟಗೆ ನಿಲ್ಲು."
ನಿಂತಿದ್ದೇನೆ. ಮೇಡಂ ಬಂದರು. "ಆಯ್ತಮ್ಮ ಕೋಟು ಮಹಾರಾಣಿ, ಪೂರ್ತಿ —