ಬಾಡದ ಕಲ್ಲು, ಭಾನುವಾರದ ಕೋಳಿ

24 ಜನವರಿ 2004, ಶನಿವಾರ

ಮಿರ್ಜಾನ ಕೋಟೆ ಮುಗಿಯಿತು. ಬಾವಿ, ಬುರುಜು, ಆರು ಫೋಟೋ. ಹೈಸ್ಕೂಲಿನ ಗೋಡೆಪತ್ರಿಕೆಗೆ ಸಾಕು. ಬೈಕ್ ಓಡಿಸಿದ ಗಂಡನ ಗೊಣಗಾಟ ಬೇರೆ— "ಎಂತದೇ ಶ್ರೀಮತಿ, ಕಲ್ಲು ನೋಡೂಕೆ ಪೆಟ್ರೋಲು ಸುಡ್ಬೇಕಾ? ಬಾಡದಲ್ಲಿ ನಮ್ದೇ ಒಂದು ಇಲ್ವಾ?"

ಇದೆ. ಅತ್ತೆಯ ಊರು ಬಾಡದ ತೋಟದಲ್ಲಿ, ತೆಂಗಿನಬುಡದ ಕಲ್ಲುದೇವರು. ನಾಳೆ ಬಿಟ್ಟು ಮುಂದಿನ ಭಾನುವಾರ ಅದಕ್ಕೆ ಕೋಳಿ. ಎರಡು ಸಲ ಬಸಿರು ನಿಲ್ಲದ ಮಗಳು ಧನ್ಯಾಗೆ ಈಗ ಆರು ತಿಂಗಳು. ಅತ್ತೆಯ ಹರಕೆ.

25, ಭಾನುವಾರ, ಸಂಜೆ. ಭಟ್ಕಳ, ಚಾ ಅಂಗಡಿ

ಹಾಡುವಳ್ಳಿ ಬಸದಿಯ ಬಳಿ ಒಂದು ಕಲ್ಲು. ಗುರುವಿನ ಮುಂದೆ ಕೂತ ಹೆಂಗಸು, ನಡುವೆ ಪುಸ್ತಕದ ಪೀಠ, ಮೇಲೆ ಜಿನ. ಉಪವಾಸ ಮಾಡಿ ಪ್ರಾಣ ಬಿಟ್ಟವರ ನೆನಪಿನ ಕಲ್ಲು ಎಂದರು ಬಸದಿಯವರು.

ಅದೇ ನಮ್ಮ ಬಾಡದ ಕಲ್ಲು! ಎಣ್ಣೆ, ಕುಂಕುಮದ ಕೆಳಗೆ ಅದೇ ಪೀಠ. ನಾನೇ ತೊಳೆದಿದ್ದೇನೆ. ಇರುವೆಯನ್ನೂ ತುಳಿಯದವರಿಗೆ ನಾವು ವರ್ಷವರ್ಷ ಕೋಳಿ ಕೊಯ್ದಿದ್ದೇವೆ. ಅಯ್ಯೋ ದೇವರೇ. ಯಾವ ದೇವರು? ಅದೇ ತಿಳಿಯುತ್ತಿಲ್ಲ.

"ಸುಮ್ನಿರು. ಅಮ್ಮಂಗೆ ಹೇಳ್ಬೇಡ" ಅಂದರು ಇವರು.

29, ಗುರುವಾರ

ಹೇಳಿಲ್ಲ. ಕೊಟ್ಟರೆ ಪಾಪ ತಗಲಿದರೆ? ಕೊಡದೆ ಧನ್ಯಾಗೆ ಏನಾದರೂ ಆದರೆ? ಇದನ್ನೆಲ್ಲ ನಂಬುವವಳಲ್ಲ ನಾನು. ಆದರೂ ಹೆದರಿಕೆ. ಹಿಂದಿನ ಎರಡೂ ಹೋದದ್ದು ಕೋಳಿ ಕೊಟ್ಟದ್ದಕ್ಕೇ ಏನೋ... ಛೀ, ಎಂಥ ಯೋಚನೆ.

1 ಫೆಬ್ರವರಿ, ಭಾನುವಾರ. ಬಾಡ

ಕಲ್ಲಿನ ಮುಂದೆ ನಿಂತಾಗ ತಡೆಯಲಾಗಲಿಲ್ಲ. "ಅತ್ತೆ, ಇದು ಉಪವಾಸ ಮಾಡಿ ಸತ್ತವ್ರ ಕಲ್ಲಂತೆ." ಪೀಠ ತೋರಿಸಿದೆ. ಜಿನನನ್ನೂ ತೋರಿಸಿದೆ.

ಅತ್ತೆ ಬಗ್ಗಿ ನೋಡಿದರು. ಕಲ್ಲಿನ ಹೆಂಗಸಿನ ಕೆನ್ನೆ ಸವರಿದರು. "ಅಯ್ಯಯ್ಯೋ ಮಗಾ, ಹಸ್ಕಂಡೇ ಹೋದ್ಯಾ!" ಆಮೇಲೆ ನನ್ನತ್ತ ತಿರುಗಿ— "ಹಸ್ಕಂಡು ಸತ್ತವ್ರಿಗೆ ಉಣ್ಸೂದು ತಪ್ಪೇನೇ?"

ಇಪ್ಪತ್ತು ವರ್ಷ ಹಿಸ್ಟರಿ ಕಲಿಸಿದವಳು. ಸೆರಗಿನಿಂದ ಪೀಠ ಒರೆಸುತ್ತ ನಿಂತೆ.

"ಆತು, ನೀನೇ ಹೇಳು. ಕೊಡೂದಾ, ಬಿಡೂದಾ?" ಕೋಳಿಯನ್ನು ನನ್ನ ಕೈಗೇ ಕೊಟ್ಟರು. ಅದರ ಎದೆ ಢವಢವ. ಧನ್ಯಾ ಹೊಟ್ಟೆಯ ಮೇಲೆ ಕೈಯಿಟ್ಟು ನನ್ನನ್ನೇ ನೋಡುತ್ತಿದ್ದಳು.

ಕೊಡಿ ಎಂದೆ.

ಧನ್ಯಾ ಎರಡು ಸಲ ಸಾರು ಬಡಿಸಿಕೊಂಡಳು. ನಾನು ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಅತ್ತೆ ಮೂರನೇ ಸಲ ಊಟಕ್ಕೆ ಕರೆಯುತ್ತಿದ್ದಾರೆ. ಹಸಿವಿಲ್ಲ ಎಂದರೆ ಅವರು ನನ್ನ ಕೆನ್ನೆಯನ್ನೂ ಸವರಿ ಅಯ್ಯಯ್ಯೋ ಮಗಾ ಎಂದಾರು.