ಎನಕ್ ಹೋಲ್ಟ್‌ನ ಕಾಲ್ಬೆರಳುಗಳು ಹೋದದ್ದು ಯಾರ ಅಲಕ್ಷ್ಯದಿಂದ?

ಪಿಂಚಣಿ ವೈದ್ಯ ಮಂಡಳಿಯ ಮಾನ್ಯ ಅಧ್ಯಕ್ಷರೇ,

ಎನಕ್ ಹೋಲ್ಟ್ ಎಂಬ ಸೈನಿಕನ ಎಡಗಾಲಿನ ಬೆರಳುಗಳೆಲ್ಲ ಯುದ್ಧಕಾಲದಲ್ಲಿ ಫ್ರಾನ್ಸಿನ ಕಂದಕದಲ್ಲಿ ಕೊಳೆತುಹೋದದ್ದು ಅವನ ‘ಸ್ವಂತ ಅಲಕ್ಷ್ಯ’ದಿಂದ ಎಂದು ತೀರ್ಮಾನಿಸಿ ತಾವು ಪಿಂಚಣಿ ನಿರಾಕರಿಸಿದ್ದೀರಿ. ಗುಂಡು ತಿಂದರೆ ಗಾಯ, ಕೆಸರು ತಿಂದರೆ ಅಲಕ್ಷ್ಯ. ಎಷ್ಟು ಅಚ್ಚುಕಟ್ಟಾದ ವಿಂಗಡಣೆ! ಗುರುವಾರ ಅವನ ಮೇಲ್ಮನವಿ ತಮ್ಮ ಮುಂದೆ ಬರುತ್ತದೆ, ಅದೇ ಕೊನೆಯದು. ಆ ದಿನವೂ ಅವನು ಬಾಯಿ ಬಿಡುವುದಿಲ್ಲವೆಂದು ನನಗೆ ಗೊತ್ತು. ಅದಕ್ಕೇ ಊರ ಪತ್ರಿಕೆಯಲ್ಲಿ ನಾನು ಬಾಯಿ ಬಿಡುತ್ತಿದ್ದೇನೆ.

ತಮ್ಮ ನಿಯಮ ನನಗೂ ಗೊತ್ತು. ಕಂದಕದಲ್ಲಿರುವವನು ದಿನವೂ ಬೂಟು ಬಿಚ್ಚಿ, ಕಾಲು ಒರೆಸಿ, ಒಣಗಿದ ಕಾಲುಚೀಲ ಹಾಕಬೇಕು. ಇಬ್ಬಿಬ್ಬರು ಜೋಡಿಯಾಗಿ ಒಬ್ಬರ ಕಾಲಿಗೊಬ್ಬರು ತಿಮಿಂಗಿಲದ ಎಣ್ಣೆ ತಿಕ್ಕಬೇಕು. ಇದನ್ನು ಬರೆದವರ ಕಾಲು ಬರೆಯುವಾಗ ಬೆಚ್ಚಗೆ ಬೆಂಕಿಯ ಮುಂದಿತ್ತೆಂದು ಕಾಣುತ್ತದೆ. ಮೊಣಕಾಲು ಮುಳುಗುವ ನೀರಿನಲ್ಲಿ ನಿಂತವನು ಯಾವ ಕುರ್ಚಿಯ ಮೇಲೆ ಕೂತು ಕಾಲು ಒರೆಸಿಕೊಳ್ಳಬೇಕು? ಬಾತ ಕಾಲು ಮತ್ತೆ ಬೂಟಿನೊಳಗೆ ಹೋಗದೆ, ಅಷ್ಟರಲ್ಲಿ ಶತ್ರು ಮೇಲೆ ಬಿದ್ದರೆ? ಆದರೂ ಎನಕ್ ನಿಯಮ ಪಾಲಿಸಿದ. ಅವನ ಜೋಡಿ ನನ್ನ ಗಂಡ ಸೆತ್. ಇಬ್ಬರೂ ನಮ್ಮೂರ ಹತ್ತಿ ಗಿರಣಿಯಲ್ಲಿ ಒಟ್ಟಿಗೆ ನೂಲು ತೆಗೆದವರು.

ತಾವು ಬಾಯಿಗೆ ತರದ ನಿಯಮ ಇನ್ನೊಂದಿತ್ತು. ಕಾಲು ಕೊಳೆತವರು ಹೆಚ್ಚಾದರೆ ಇಡೀ ತುಕಡಿಗೆ ರಜೆ ಬಂದ್. ಆ ಚಳಿಗಾಲ ಅವರ ತುಕಡಿಯಲ್ಲಿ ಇನ್ನೊಂದೇ ಒಂದು ಕಾಲು ಕೆಟ್ಟರೂ ಯಾರೂ ಮನೆಗೆ ಹೋಗುವಂತಿಲ್ಲ ಎಂದು ಮೇಲಿನವರು ಹೇಳಿಬಿಟ್ಟಿದ್ದರಂತೆ. ಸೆತ್‌ಗೆ ರಜೆ ಮಂಜೂರಾಗಿತ್ತು. ನಾನಾಗ ಬಾಣಂತಿ.

ಸೆತ್ ಬಂದ. ಮಗಳನ್ನು ಎತ್ತಿಕೊಂಡ. ಆಮೇಲೆ ಒಲೆಯ ಮುಂದೆ ಕೂತು ಅಳುವುದಕ್ಕೆ ಶುರುಮಾಡಿದ. ಏನೆಂದು ಕೇಳಿದೆ.

“ಎನಕ್‌ನ ಕಾಲು ಕರ್ರಗಾಗ್ಬಿಟ್ಟಿದೆ ಕಣೇ. ಎಣ್ಣೆ ತಿಕ್ಕೋನು ನಾನು, ನಂಗೆ ಗೊತ್ತಾಗಲ್ವಾ? ಚಿವುಟಿದ್ರೂ ಅವ್ನಿಗೆ ಏನೂ ಅನ್ನಿಸ್ತಿಲ್ಲ. ಡಾಕ್ಟರಿಗೆ ಹೇಳ್ತೀನಿ ಅಂದೆ. ಅವ್ನು ನನ್ನ ಕತ್ತಿನ ಪಟ್ಟಿ ಹಿಡ್ಕೊಂಡ. ‘ಬಾಯ್ಮುಚ್ಕೊಂಡು ಹೋಗೋ ಕತ್ತೆ, ಮಗು ಮುಖ ನೋಡ್ಕೊಂಡು ಬಾ. ಕಾಲು ಎಲ್ಲೂ ಓಡ್ಹೋಗಲ್ಲ’ ಅಂದ.”

ಸೆತ್ ಹಿಂದಿರುಗುವ ಹೊತ್ತಿಗೆ ಎನಕ್‌ನನ್ನು ಬೆನ್ನ ಮೇಲೆ ಹೊತ್ತು ಆಸ್ಪತ್ರೆಗೆ ಸೇರಿಸಿದ್ದರು. ಮರಗಟ್ಟಿದ್ದ ಕಾಲು ಅಲ್ಲಿ ಬೆಚ್ಚಗಾದ ಮೇಲೆ ಹೊದಿಕೆ ತಗುಲಿದರೂ ಚೀರುತ್ತಿದ್ದನಂತೆ. ಬೆರಳುಗಳನ್ನು ಕತ್ತರಿಸಿದರು. ಆ ವಸಂತದಲ್ಲೇ ಸೆತ್ ಯುದ್ಧದಲ್ಲಿ ಸತ್ತ. ಅವನು ಮಗಳನ್ನು ನೋಡಿದ್ದು ಅದೊಂದೇ ಸಲ.

ಹಿಂದಿನ ವಿಚಾರಣೆಯ ದಿನ ಎನಕ್‌ನಿಗೆ ಆಸರೆಯಾಗಿ ನಾನೂ ಬಂದಿದ್ದೆ. ಕೋಣೆಯ ಬಾಗಿಲು ತೆರೆದೇ ಇತ್ತು.

“ಕಾಲು ಕೆಟ್ಟಾಗ ಯಾಕಯ್ಯಾ ಹೇಳ್ಲಿಲ್ಲ?” ಎಂದು ತಾವು ಕೇಳಿದಿರಿ.

“ಮರ್ತ್ಹೋಯ್ತು ಸಾರ್,” ಎಂದ.

ಕೊಳೆಯುತ್ತಿರುವ ತನ್ನ ಕಾಲನ್ನು ಒಬ್ಬ ಮನುಷ್ಯ ಮರೆತನಂತೆ! ಅಷ್ಟು ಓದಿದ ತಾವು ಅದನ್ನು ನಂಬಿದಿರಿ. ಕಾಲಿಗೆ ಕಣ್ಣು ಹಾಯಿಸಿ, “ನಡೆಯೋಕೆ ಆಗುತ್ತಲ್ಲ, ಹಳೇ ಕೆಲಸಕ್ಕೆ ಹೋಗು” ಎಂದಿರಿ. ಹಳೇ ಕೆಲಸ ಎಂದರೇನು ಗೊತ್ತೇ? ನಮ್ಮಲ್ಲಿ ನೂಲುವವರು ಎಣ್ಣೆ ಹೀರಿದ ನೆಲದ ಮೇಲೆ ಬರಿಗಾಲಲ್ಲಿ, ಹಿಂದೆ ಮುಂದೆ ಸರಿಯುವ ಯಂತ್ರದ ಜೊತೆ ದಿನವಿಡೀ ನಡೆಯಬೇಕು. ಜಾರದಂತೆ ಹಿಡಿಯುವುದೇ ಕಾಲ್ಬೆರಳು. ಮೊದಲ ದಿನವೇ ಅವನು ಚಕ್ರದ ಪಕ್ಕಕ್ಕೆ ಜಾರಿ ಬಿದ್ದ. ಮೇಸ್ತ್ರಿ ಹೆದರಿ ಮನೆಗೆ ಕಳಿಸಿದ. ಅಂದಿನಿಂದ ಅಕ್ಕನ ಮನೆಯ ಅಡುಗೆಕೋಣೆಯಲ್ಲಿ ಕೂತಿದ್ದಾನೆ.

“ನಿಜ ಹೇಳೋ,” ಎಂದು ನಾನು ಬೇಡಿಕೊಂಡೆ.

“ಹೇಳಿದ್ರೆ ಸೆತ್ ಹೆಸರಿಗೆ ಮಸಿ ಹತ್ತುತ್ತೆ ಅಲ್ವಿನಾ. ಸುಮ್ನಿರಮ್ಮ.”

ನನ್ನ ಅಮ್ಮನಿಗೂ ಭಯ. “ನಿಂಗೆ ಹುಚ್ಚಾ? ಸೆತ್ ಗೊತ್ತಿದ್ದೂ ಮುಚ್ಚಿಟ್ಟ ಅಂತ ನಿಂಗೆ ಬರೋ ವಿಧವೆ ಪಿಂಚಣಿನೂ ಕಿತ್ಕೋತಾರೆ. ಮಗೂನ ಏನ್ ಹಾಕಿ ಸಾಕ್ತೀಯೇ?”

ಕಿತ್ತುಕೊಳ್ಳುವುದಾದರೆ ಕಿತ್ತುಕೊಳ್ಳಿ. ನನಗೂ ಭಯವಿದೆ. ಶನಿವಾರ ಪತ್ರಿಕೆ ಓದಿದ ಮೇಲೆ ಎನಕ್ ನನ್ನ ಜೊತೆ ಮಾತು ಬಿಟ್ಟರೂ ಬಿಟ್ಟಾನು. ಆದರೆ ಗೆಳೆಯರ ರಜೆಯನ್ನು ಅವನ ಕಾಲಿಗೆ ಕಟ್ಟಿಹಾಕಿದವರು ಅವನಿಗೇ ಅಲಕ್ಷ್ಯದ ಪಾಠ ಹೇಳುವುದನ್ನು ನೋಡುತ್ತ ಸುಮ್ಮನಿರಲಾರೆ.

ನನ್ನ ಬೇಡಿಕೆ ಇಷ್ಟೇ. ‘ಸ್ವಂತ ಅಲಕ್ಷ್ಯ’ ಎಂಬ ಆ ಎರಡು ಪದಗಳನ್ನು ಹೊಡೆದುಹಾಕಿ, ಅವನ ಪಿಂಚಣಿ ಕೊಡಿ. ಸಾಕ್ಷಿ ಬೇಕಾದರೆ ಗುರುವಾರ ನನ್ನನ್ನು ಒಳಗೆ ಕರೆಯಿರಿ. ಮಗಳನ್ನೂ ಕರೆತರುತ್ತೇನೆ. ಅಪ್ಪ ತನ್ನನ್ನು ಒಮ್ಮೆ ಎತ್ತಿಕೊಂಡಿದ್ದ ಎಂದು ಅವಳು ಬೀದಿಯ ಮಕ್ಕಳಿಗೆಲ್ಲ ಹೇಳಿಕೊಂಡು ಓಡಾಡುತ್ತಾಳೆ. ಅದು ಯಾರ ಅಲಕ್ಷ್ಯದಿಂದ ಆಯಿತೆಂದು ತಾವೇ ಅವಳಿಗೆ ತಿಳಿಸಿ ಹೇಳಿ.

ಇಂತಿ,
ರಜೆ ಸಿಕ್ಕವನ ವಿಧವೆ,
ಅಲ್ವಿನಾ ಕ್ಲೆಗ್