ಗಿಟಾರಿನ ಹೊಟ್ಟೆಯೊಳಗಿನ ಚೀಟಿ

ಚಳ್ಳಕೆರೆ
22-11-1998

ಪ್ರೀತಿಯ ಸಾನಿಯಾಗೆ,

ಜೀನತಳ ಸಲಾಂ. ಬಳ್ಳಾರಿಯಿಂದ ನೀನು ಬರೆದ ಎರಡು ಕಾಗದಗಳೂ ಬಂದಿವೆ. ಉತ್ತರ ಬರೆಯದೆ ಇಷ್ಟು ದಿನ ಸತಾಯಿಸಿದ್ದಕ್ಕೆ ಎಷ್ಟು ಬೇಕಾದರೂ ಬೈಯಿ. ಹತ್ತನೇ ಕ್ಲಾಸಿನ ತನಕ ಒಂದೇ ಬೆಂಚಿನಲ್ಲಿ ಕೂತವರು ನಾವು. ಮನೆಯಲ್ಲಿ ಉರ್ದು ಆಡಿದರೂ ಮನಸ್ಸಿನದು ಬರೆಯಲು ನಮಗೆ ಕನ್ನಡವೇ ಬೇಕು. ಮೂರು ಸಲ ಬರೆಯಲು ಕೂತು ಮೂರು ಸಲವೂ ಹರಿದು ಹಾಕಿದೆ.

ನಿನ್ನ ಮಗ ಕುತ್ತಿಗೆ ನಿಲ್ಲಿಸುತ್ತಾನಂತೆ, ಓದಿ ಖುಷಿಯಾಯಿತು. ಇಲ್ಲಿ ಅಮ್ಮಿಗೆ ಮಂಡಿನೋವು. ಅಬ್ಬಾಗೆ ಕಣ್ಣು ಇನ್ನಷ್ಟು ಮಂಜಾಗಿದೆ. ಅಂಗಡಿಯಲ್ಲಿ ಮೋಟರ್ ಬಿಚ್ಚುವುದು, ಕೂಡಿಸುವುದು ಅವರೇ. ತಂತಿ ಸುತ್ತುವ ಕೆಲಸವೆಲ್ಲ ಮನೆಗೆ, ನನ್ನ ಕೈಗೆ ಬಂದಿದೆ. ಅಂಗಡಿಯ ರಿವಾಜು ನಿನಗೂ ಗೊತ್ತು. ಕಾಯಿಲ್ ಸುತ್ತಿದವರು ತಮ್ಮ ಹೆಸರು, ಊರು, ತಾರೀಕು, ಸುತ್ತಿನ ಲೆಕ್ಕ ಒಂದು ಚೀಟಿಯಲ್ಲಿ ಬರೆದು ಒಳಗೆ ಇಡಬೇಕು. ನಾಳೆ ಮೋಟರ್ ಸುಟ್ಟರೆ ಬಿಚ್ಚಿದವನಿಗೆ ಯಾರನ್ನು ಬೈಯಬೇಕೆಂದು ತಿಳಿಯಲಿ ಅಂತ. ನನ್ನಿವಾಳದಿಂದ ದೊಡ್ಡಉಳ್ಳಾರ್ತಿಯವರೆಗೆ ಎಷ್ಟೋ ಹೊಲಗಳ ಪಂಪ್‌ಸೆಟ್ಟುಗಳ ಒಳಗೆ ನನ್ನ ಹೆಸರಿದೆ. ಇವತ್ತಿನವರೆಗೆ ಒಬ್ಬ ರೈತನೂ ಬೈಯಲು ಬಂದಿಲ್ಲ.

ಈಗ ನಮ್ಮಣ್ಣ ಆಸಿಮ್ ಭಾಯಿಯ ಕಥೆ ಕೇಳು. ಅವನು ಮೊಳಕಾಲ್ಮುರಿನ ಜುಂಜಣ್ಣನ ಆರ್ಕೆಸ್ಟ್ರಾ ಸೇರಿರುವುದು ನಿನಗೆ ಗೊತ್ತೇ ಇದೆ. ಎಲೆಕ್ಟ್ರಿಕ್ ಗಿಟಾರ್ ಬೇಕು, ಕೊಳ್ಳುವ ತಾಕತ್ತಿಲ್ಲ. ಬಳ್ಳಾರಿಯಲ್ಲಿ ಮುರಿದ ಗಿಟಾರಿನ ಕುತ್ತಿಗೆ ಮಾತ್ರ ಸಿಕ್ಕಿತು. ಮೈಗೆ ಮೊಳಕಾಲ್ಮುರಿನಲ್ಲಿ ಯಾರೋ ಬಿಚ್ಚಿಹಾಕಿದ ಸೀರೆ ಮಗ್ಗದ ತೇಗದ ಹಲಗೆ. ತಂತಿ ಕೂರಿಸುವ ತಗಡು ಅಮ್ಮಿಯ ಹೊಲಿಗೆ ಮಿಷನ್ನಿನದು. ಸದ್ದು ಹೆಚ್ಚು ಕಡಿಮೆ ಮಾಡುವ ತಿರುಗಣೆ ಹಳೇ ರೇಡಿಯೋದ್ದು. ಉಳಿದದ್ದು ಪಿಕಪ್ ಒಂದೇ. ಅಯಸ್ಕಾಂತದ ಸುತ್ತ ತಂತಿ ಸುತ್ತಿದ ಕಾಯಿಲ್ ಅದು, ಗಿಟಾರಿನ ಸದ್ದು ಹಿಡಿಯುವುದೇ ಅದು. ಅದು ಯಾರ ಪಾಲಿಗೆ ಬಂತು ಅಂತ ಹೇಳಬೇಕಾಗಿಲ್ಲ ತಾನೇ?

ಮೊದಲನೆಯದನ್ನು ಅಬ್ಬಾ ಮಾತು ಕೇಳಿ ಕೆಡಿಸಿದೆ. "ತೆಳು ತಂತಿ ಸುತ್ತಬೇಡ ಬೇಟಿ, ಸುಟ್ಟು ಹೋಗ್ತೈತೆ" ಅಂದರು. ಫ್ಯಾನಿನ ತಂತಿಯಲ್ಲೇ ಸುತ್ತಿ, ವಾರ್ನಿಷ್ ಕುಡಿಸಿ, ಮಾಳಿಗೆಯ ಬಿಸಿಲಿಗೆ ಇಟ್ಟೆ. ಮೋಟರಿನವರಿಗೆ ಸುಡುವ ಭಯ ಬಿಟ್ಟರೆ ಬೇರೆ ಭಯ ಗೊತ್ತಿಲ್ಲ ನೋಡು! ಗಿಟಾರಿನಲ್ಲಿ ಸುಡುವಷ್ಟು ಕರೆಂಟೇ ಹರಿಯುವುದಿಲ್ಲ. ನುಡಿಸಿದರೆ ಸೊಳ್ಳೆ ಗುಂಯ್ ಅಂದ ಹಾಗೆ ಸದ್ದು. ಆಮೇಲೆ ಗುಜರಿಯಲ್ಲಿ ಹಳೇ ಟೆಲಿಫೋನುಗಳ ಗಂಟೆ ಕಾಯಿಲ್ ತಂದು, ಕೂದಲಿಗಿಂತ ತೆಳುವಾದ ಆ ತಂತಿಯನ್ನು ಬಿಚ್ಚಿ ಸುತ್ತಿದೆ. ತಂತಿ ಸುತ್ತುವ ಮಿಷನ್ನಿನ ಎಣಿಕೆಯ ಮುಳ್ಳು ಕೆಟ್ಟಿತ್ತು. ನೂರು ಸುತ್ತಿಗೊಂದು ಹುಣಸೆ ಬೀಜ ಪಕ್ಕಕ್ಕೆ ಇಡುತ್ತಾ ಹೋದೆ. ಎರಡು ಸಲ ತಂತಿ ತುಂಡಾಯಿತು, ಎರಡು ಸಲವೂ ಮೊದಲಿನಿಂದ ಸುತ್ತಿದೆ. ಹನ್ನೊಂದು ದಿನಕ್ಕೆ ಎಪ್ಪತ್ನಾಲ್ಕು ಬೀಜ. ತಂತಿ ಕೂರಿಸಿ ಭಾಯ್ ಒಂದು ಸಲ ಮೀಟಿದ. ಅಬ್ಬಾ ಬೀಡಿ ಕೆಳಗಿಟ್ಟರು. ಭಾಯ್ ನನ್ನ ಕೈ ಹಿಡಿದು, "ಏಯ್ ಜೀನತ್, ನಿನ್ನ ಕೈಗೆ ಬಂಗಾರದ ಬಳೆ ಹಾಕ್ಬೇಕು ಕಣೇ" ಅಂದ. ನಾನು ಎಂದಿನಂತೆ ಚೀಟಿ ಬರೆದು ಒಳಗಿಟ್ಟು ಸ್ಕ್ರೂ ಬಿಗಿದೆ.

ಮರುವಾರವೇ ಅವನು ಪೇಂಟರನನ್ನು ಹಿಡಿದು ಗಿಟಾರಿನ ತಲೆಯ ಮೇಲೆ ಯಾವುದೋ ಫಾರಿನ್ ಕಂಪನಿಯ ಹೆಸರು ಬರೆಸಿದ. ಬಾಂಬೆಯಿಂದ ತರಿಸಿದ ಮಾಲು ಎಂದು ಆರ್ಕೆಸ್ಟ್ರಾದವರಿಗೆಲ್ಲ ಹೇಳಿಕೊಂಡ. ಆಗಲೇ ನನಗೆ ಒಂಥರಾ ಹೇಸಿಗೆ ಎನಿಸಿತ್ತು. ಹೋಗಲಿ, ಅವನ ಶೋಕಿ ಎಂದುಕೊಂಡೆ.

ರಾಜ್ಯೋತ್ಸವದ ದಿನ ಮೊಳಕಾಲ್ಮುರಿನ ಶಾಲೆ ಮೈದಾನದಲ್ಲಿ ಸಂಜೆ ನಾಲ್ಕಕ್ಕೆ ಪ್ರೋಗ್ರಾಂ. ಅಬ್ಬಾ ನನ್ನನ್ನೂ ಕರೆದುಕೊಂಡು ಹೋದರು. ಅವರು ಗಂಡಸರ ಕಡೆ, ನಾನು ಹೆಂಗಸರ ಕಡೆ ಕೂತೆವು. ಎರಡನೇ ಹಾಡಿಗೇ ಗಿಟಾರ್ ಸದ್ದು ನಿಂತಿತು. ಎಲ್ಲೋ ಬೆಸುಗೆ ಬಿಟ್ಟಿರಬೇಕು. ಜುಂಜಣ್ಣ ಸ್ಟೇಜಿನ ಮೇಲೆಯೇ ಸ್ಕ್ರೂಡ್ರೈವರ್ ಹಿಡಿದು ಬಿಚ್ಚಿದ. ಚೀಟಿ ಕೈಗೆ ಬಂತು. ಆ ಮನುಷ್ಯ ಅದನ್ನು ಮೈಕಿನಲ್ಲಿ ಓದಿದ, ಸಾನಿಯಾ! "ಜೀನತ್, ಚಳ್ಳಕೆರೆ!" ಎಂದು ಕೂಗಿ, "ಏನ್ಲೇ ಆಸಿಮ್, ಬಾಂಬೆ ಮಾಲು ಅಂತಿದ್ದೆ, ಒಳಗೆ ಚಳ್ಳಕೆರೆ ಹುಡುಗಿ ಚೀಟಿ ಐತಲ್ಲೋ! ಯಾರ್ಲೇ ಇವ್ಳು, ನಿನ್ ಲವ್ವಾ?" ಅಂದ. ಮೈದಾನಕ್ಕೆ ಮೈದಾನವೇ ಶಿಳ್ಳೆ ಹೊಡೆಯಿತು.

ಈಗ ಹೇಳುತ್ತಾನೆ, ನನ್ನ ತಂಗಿ ಅಂತ ಹೇಳುತ್ತಾನೆ ಎಂದು ನಾನು ಕಾದೆ. ಅಷ್ಟು ಹೇಳಿದ್ದರೆ ಶಿಳ್ಳೆ ಹೊಡೆದವರ ಬಾಯಿ ಮುಚ್ಚುತ್ತಿತ್ತು. ಅವನು ಮೈಕು ತೆಗೆದುಕೊಂಡು, ಕೂದಲು ಹಿಂದಕ್ಕೆ ತಳ್ಳಿ, "ಯಾರೋ ಗೊತ್ತಿಲ್ಲಣ್ಣ. ಇಂಥವು ಬಾಳ ಬರ್ತಾವೆ" ಅಂದ. ಅಂದು ನಕ್ಕ. ಬೆಸುಗೆ ಹಾಕಿದ ಮೇಲೆ ಬೆರಳಿಗೆ ಹತ್ತಿದ ಮಸಿಯನ್ನು ಅದೇ ಚೀಟಿಯಲ್ಲಿ ಒರೆಸಿ ಎಸೆದ. ಮತ್ತೆ ಹಾಡು ಶುರುವಾಯಿತು. ಗಿಟಾರ್ ಎಷ್ಟು ಚೆನ್ನಾಗಿ ಮೊಳಗಿತು ಎಂದರೆ ನಾನು ಎರಡೂ ಕಿವಿ ಮುಚ್ಚಿಕೊಂಡೆ.

ವಾಪಸು ಬರುವಾಗ ಬಸ್ಸು ಕೊಂಡ್ಲಹಳ್ಳಿ ದಾಟಿತು. ಆಗ ಅಬ್ಬಾ "ಬಿಡು ಬೇಟಿ. ನಾಲ್ಕು ಜನರ ಮುಂದೆ ಅವನ ಮರ್ಯಾದಿ ಉಳೀತಲ್ಲ" ಅಂದರು. ಕೈ ಯಾರದೋ, ಹೆಸರೂ ಅವರದೇ ಎಂದು ನನಗೆ ಕಲಿಸಿದ ಬಾಯಿ ಅದು! ಅಮ್ಮಿಯಂತೂ ಕಥೆ ಪೂರ್ತಿ ಕೇಳಲೂ ಇಲ್ಲ. "ಹೆಣ್ಮಕ್ಕಳ ಹೆಸರು ಕಾಗದದ ಮೇಲೆ ಯಾಕೆ ಬರೀಬೇಕಿತ್ತು?" ಎಂದು ನನ್ನ ಮೇಲೇ ಹರಿಹಾಯ್ದರು.

ಮೂರು ದಿನ ಬಿಟ್ಟು ಭಾಯ್ ಜಿಲೇಬಿ ಪೊಟ್ಟಣ ಹಿಡಿದು ಬಂದ. "ತಂಗಿ ಅಂದಿದ್ರೆ ಎಲ್ರೂ ನಿನ್ನೇ ತಿರುಗಿ ನೋಡ್ತಿದ್ರು. ನಿನ್ನ ಒಳ್ಳೇದಕ್ಕೇ ಹಂಗಂದೆ" ಅಂದ. ಅದೇ ಉಸಿರಿನಲ್ಲಿ, "ಇನ್ನೊಂದು ಪಿಕಪ್ ಸುತ್ತಿಕೊಡು. ಎರಡಿದ್ರೆ ಸದ್ದು ಇನ್ನೂ ಗಟ್ಟಿ ಬರ್ತೈತೆ. ಚೀಟಿ ಮಾತ್ರ ಇಡಬ್ಯಾಡ" ಅಂದ. ಹತ್ತಿದ ಏಣಿ ಒದೆಯುವವರನ್ನು ಕಂಡಿದ್ದೇನೆ. ಒದ್ದ ಏಣಿಗೇ ಮತ್ತೆ ಬಂದು ಒರಗು ಎನ್ನುವವರಲ್ಲಿ ಇವನೊಬ್ಬನನ್ನೇ ಕಂಡಿದ್ದು. ಜಿಲೇಬಿಯನ್ನು ಪಕ್ಕದ ಮನೆಯ ಮಕ್ಕಳಿಗೆ ಕೊಟ್ಟೆ. ಚೀಟಿ ಇಲ್ಲದೆ ಸುತ್ತುವುದಿಲ್ಲ ಎಂದು ಹೇಳಿದೆ. ಅವತ್ತಿನಿಂದ ಅವನು ಮಾತು ಬಿಟ್ಟಿದ್ದಾನೆ. ಅಬ್ಬಾ ದಿನಕ್ಕೊಂದು ಸಲ "ಸುತ್ತಿಕೊಡಮ್ಮ, ಅಣ್ಣ ಅಲ್ವಾ" ಎನ್ನುತ್ತಾರೆ. ಗಂಟೆ ಕಾಯಿಲುಗಳು ನನ್ನ ಮುಂದೆ ಡಬ್ಬಿಯಲ್ಲಿ ಬಿದ್ದಿವೆ, ಮುಟ್ಟಿಲ್ಲ.

ನಿನ್ನ ಯಜಮಾನರಿಗೆ ಸಲಾಂ ಹೇಳು. ಮಗುವಿಗೆ ಅಲ್ಲಾಹ್ ಒಳ್ಳೆಯ ಆಯಸ್ಸು ಕೊಡಲಿ. ತನ್ನ ಜೊತೆ ಹುಟ್ಟಿದವರನ್ನು ಜನರ ಮುಂದೆ ಗುರುತಿಸುವ ಬಾಯಿಯನ್ನೂ ಕೊಡಲಿ.

ನಿನ್ನ,
ಜೀನತ್

ಮರೆತ ಮಾತು: ಮರೆತಿಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಅವತ್ತು ಮೈದಾನದಲ್ಲಿ ನನ್ನ ಪಕ್ಕ ಮುದ್ದಕ್ಕ ಅಂತ ಒಬ್ಬ ವಯಸ್ಸಾದ ಹೆಂಗಸು ಕೂತಿದ್ದಳು. ತುಂಬ ಒಳ್ಳೆಯವಳು, ಕೂತಾಗಿನಿಂದ ನನಗೆ ಹುರಿದ ಶೇಂಗಾ ಕೊಡುತ್ತಿದ್ದಳು. ಎಲ್ಲರೂ ಶಿಳ್ಳೆ ಹೊಡೆಯುವಾಗ ಅವಳೂ ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಎಂಥಾ ಗಟ್ಟಿಗಿತ್ತಿ ಇರ್ಬೇಕವ್ವಾ ಆ ಹುಡುಗಿ! ನೀನೂ ಚಳ್ಳಕೆರೆಯವಳೇ ಅಂದ್ಯಲ್ಲ, ನಿನ್ನ ಹೆಸರೇನಮ್ಮ?" ಎಂದು ಕೇಳಿದಳು. ಹೇಳಿದ್ದರೆ ಅವಳೊಬ್ಬಳಿಗಾದರೂ ನಿಜ ಗೊತ್ತಾಗುತ್ತಿತ್ತು. ನಾನು "ಸಾನಿಯಾ" ಅಂದೆ. ಆಮೇಲೆ ಅವಳ ಜೊತೆ ನಾನೂ ನಕ್ಕೆ.